ಹದಿನೇಳನೆಯವಳು, ಮೂವತ್ತಮೂರನೆಯವಳು

ಚಿಕ್ಕೋಡಿಯಲ್ಲಿ ಬಸ್ ಸ್ಟ್ಯಾಂಡಿನಿಂದ ತಹಸೀಲ್ದಾರ ಕಚೇರಿಗೆ ಹೋಗುವ ದಾರಿಯಲ್ಲಿ ನನ್ನ ಝೆರಾಕ್ಸ್ ಅಂಗಡಿ ಇದೆ. ಎರಡು ಯಂತ್ರ, ಒಂದು ಕಂಪ್ಯೂಟರ್, ಬಂದವರು ಕೂರಲು ಒಂದು ಬೆಂಚು. ಗಾಜಿನ ಮೇಲೆ ಯಾವ ಕಾಗದ ಬಂದರೂ ಅದನ್ನು ಓದಿಬಿಡುವುದು ನನ್ನ ಚಟ. ಓದಬಾರದೆಂದು ಗೊತ್ತು, ಆದರೆ ಕಣ್ಣು ಕೇಳುವುದಿಲ್ಲ. ಹದಿನಾಲ್ಕು ವರ್ಷದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಓದಿರುವುದು ಆಸ್ಪತ್ರೆಯ ಕಾಗದಗಳನ್ನು. ಯೋಜನೆಗೆ, ವಿಮೆಗೆ, ರಜೆಗೆ ಎಂದು ಜನ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ. ಬಾಣಂತಿಯರ ಚೀಲಗಳಲ್ಲಿ ಒಂದು ಚೀಟಿ ಮತ್ತೆ ಮತ್ತೆ ಕಾಣುತ್ತಿತ್ತು: 'ಹೆಚ್ಚಿನ ಚಿಕಿತ್ಸೆಗಾಗಿ ಮುಂದಿನ ಆಸ್ಪತ್ರೆಗೆ ಕಳುಹಿಸಲಾಗಿದೆ.' ಕೆಲವು ಚೀಲಗಳಲ್ಲಿ ಅಂಥವು ಎರಡು, ಮೂರು. ಎಲ್ಲದರ ಮೇಲೂ ಒಂದೇ ತಾರೀಖು.

ಹೋದ ವರ್ಷ ಮಾರ್ಚಿನಲ್ಲಿ ಅಂಥದೇ ಒಂದು ಚೀಲ ಹಿಡಿದುಕೊಂಡು ಚನ್ನವ್ವ ನನ್ನ ಅಂಗಡಿಗೆ ಬಂದರು. ರಾಯಬಾಗ ತಾಲೂಕಿನ ಅಲಖನೂರಿನವರು. ಮೂವತ್ತೊಂದು ವರ್ಷ ಸರಕಾರಿ ನರ್ಸ್ ಆಗಿದ್ದು ನಿವೃತ್ತರಾಗಿದ್ದರು; ಊರಿನವರ ಬಾಯಲ್ಲಿ ಈಗಲೂ ಸಿಸ್ಟರ್. ಪಕ್ಕದ ಮನೆಯ ಸೊಸೆಯ ಕಾಗದಗಳನ್ನು ಪ್ರತಿ ಮಾಡಿಸಲು ಬಂದಿದ್ದರು. ನಾನು ಓದುತ್ತಿರುವುದನ್ನು ನೋಡಿ, ಏನು ಓದಿದೆ ಹೇಳು ಎಂದರು. ಸಿಕ್ಕಿಬಿದ್ದವನಂತೆ ನಾನು, ಒಂದೇ ರಾತ್ರಿ ಮೂರು ಆಸ್ಪತ್ರೆ ತಿರುಗಿದ್ದಾರೆ ಎಂದೆ. ಅವರು ಬೆಂಚಿನ ಮೇಲೆ ಕುಳಿತರು.

"ಈ ಚೀಟಿ ನಾನೂ ನೂರಾರು ಬರದೀನಿ, ತಮ್ಮಾ. ಬರದ ಕಳಿಸಿದ ಮ್ಯಾಲ ಅಲ್ಲಿ ಡಾಕ್ಟರ್ ಅದಾನೋ ಇಲ್ಲೋ, ರಕ್ತ ಐತೋ ಇಲ್ಲೋ, ಒಂದ ಸಲಾನೂ ಫೋನ್ ಹಚ್ಚಿ ಕೇಳಲಿಲ್ಲ. ಕೇಳಬೇಕಂತ ಯಾರೂ ಹೇಳಿರಲಿಲ್ಲ, ನನಗೂ ಹೊಳೀಲಿಲ್ಲ."

ಐದು ತಾಲೂಕಿನ ನಮ್ಮ ಕೆಲಸವೆಲ್ಲ ಹುಟ್ಟಿದ್ದು ಆ ಮಾತಿನಿಂದ. ನಾವು ಹೊಸ ಆಸ್ಪತ್ರೆ ಕೇಳಲಿಲ್ಲ. ಕೇಳಿದ್ದು ಇಷ್ಟೇ: ಹೆರಿಗೆಗೆ ಬಂದವಳನ್ನು ಮುಂದಿನ ಆಸ್ಪತ್ರೆಗೆ ಕಳಿಸುವ ಮೊದಲು ಆ ಆಸ್ಪತ್ರೆಗೆ ಫೋನ್ ಮಾಡಿ, ಅಲ್ಲಿ ಡಾಕ್ಟರು ಮತ್ತು ರಕ್ತ ಇರುವುದನ್ನು ಕೇಳಿ ಖಾತ್ರಿ ಮಾಡಿಕೊಂಡು, ಯಾರ ಜೊತೆ ಮಾತಾಡಿದೆ ಎಂಬುದನ್ನು ಚೀಟಿಯಲ್ಲೇ ಬರೆಯಬೇಕು. ಚನ್ನವ್ವ ಅದನ್ನು ಇನ್ನೂ ಚಿಕ್ಕದು ಮಾಡಿದರು. ಮೊದಲ ಫೋನ್ ಮಾಡ್ರಿ, ಆಮ್ಯಾಲ ಕಳಸ್ರಿ. ನಿಪ್ಪಾಣಿಯ ನಾಮದೇವ ಅದನ್ನು ಮರಾಠಿಗೆ ತಿರುಗಿಸಿದ: ಆಧೀ ಫೋನ್ ಕರಾ, ಮಗ ಪಾಠವಾ. ಅವನು ಟೆಂಪೋ ಓಡಿಸುವವನು. ಬಸುರಿಯರನ್ನು ಕೂರಿಸಿಕೊಂಡು ಬಾಗಿಲಿಂದ ಬಾಗಿಲಿಗೆ ಓಡಾಡಿ ಅವನಿಗೇ ಸಾಕಾಗಿತ್ತು.

ಇಂಥ ಸಣ್ಣ ಬೇಡಿಕೆಗೆ ಜನ ಯಾಕೆ ಸೇರುತ್ತಾರೆ ಎಂಬ ಅನುಮಾನ ನನಗಿತ್ತು. ಆದರೆ ಸೇರಿದರು. ಮೊದಲು ಅಲಖನೂರಿನ ಗ್ರಾಮಸಭೆಯಲ್ಲಿ ಈ ಬೇಡಿಕೆಗೆ ಒಪ್ಪಿಗೆಯ ಠರಾವು ಆಯಿತು. ನಂತರ ಅಕ್ಕಪಕ್ಕದ ಎಂಟು ಊರು. ಕಾಗವಾಡ ತಾಲೂಕಿನಲ್ಲಿ ತವನಪ್ಪ ಎಂಬ ದ್ರಾಕ್ಷಿ ಬೆಳೆಗಾರರು ಇದನ್ನು ಹಿಡಿದರು. ದೊಡ್ಡ ದನಿ, ದೊಡ್ಡ ಮೀಸೆ, ಸಹಕಾರಿ ಸಂಘಗಳಲ್ಲಿ ಹೆಸರಿದ್ದವರು. ಅವರು ಒಂದೇ ತಿಂಗಳಲ್ಲಿ ಇಪ್ಪತ್ತು ಊರಿನ ಠರಾವು ತಂದರು. ಅಥಣಿಯಲ್ಲಿ ಹಾಲಿನ ಸಂಘದ ಹೆಂಗಸರು ಮುಂದೆ ಬಂದರು. ಆಗಸ್ಟ್ ಹೊತ್ತಿಗೆ ಠರಾವು ಮಾಡಿದ ಪಂಚಾಯಿತಿಗಳು ಅರವತ್ತೆರಡಾಗಿದ್ದವು. ಗಣಪತಿ ಹಬ್ಬಕ್ಕೆ ನಾಮದೇವನ ಮಂಡಳ ಗೊಂಬೆಗಳ ಒಂದು ದೇಖಾವೆ ಮಾಡಿತು. ಒಂದು ಗೊಂಬೆ ಆಂಬುಲೆನ್ಸು ಮೂರು ಬಾಗಿಲಿನ ಮುಂದೆ ನಿಂತು ನಿಂತು ಮುಂದೆ ಹೋಗುತ್ತದೆ. ನಾಲ್ಕನೆಯ ಬಾಗಿಲಲ್ಲಿ ಫೋನ್ ರಿಂಗಣಿಸಿ ಬಾಗಿಲು ತೆರೆಯುತ್ತದೆ. ಅದನ್ನು ನೋಡಲು ಗಡಿಯಾಚೆಯ ಊರುಗಳಿಂದಲೂ ಜನ ಬಂದರು. ಮೋಟರಿನ ತಂತಿ ಎರಡು ಸಲ ಸುಟ್ಟು ಗೊಂಬೆ ಆಂಬುಲೆನ್ಸನ್ನು ನಾಮದೇವನೇ ಕೈಯಿಂದ ತಳ್ಳಿದನಂತೆ.

ನನ್ನ ಪಾಲಿಗೆ ಬಂದದ್ದು ಪಟ್ಟಿ. ಒಂದು ವರ್ಷದಲ್ಲಿ ಐದು ತಾಲೂಕಿನ ಎಷ್ಟು ಹೆಂಗಸರು ಹೀಗೆ ಎರಡು ಮೂರು ಆಸ್ಪತ್ರೆ ತಿರುಗಬೇಕಾಯಿತು ಎಂಬ ಪಟ್ಟಿ. ಪ್ರತಿ ಊರಿನ ಕಾರ್ಯಕರ್ತರು ಮನೆಗಳಿಗೆ ಹೋಗಿ ಕೇಳಿ ಬರೆದು ಕಳಿಸುತ್ತಿದ್ದರು. ನಾನು ಅದನ್ನು ಜೋಡಿಸಿ, ಅಚ್ಚು ಮಾಡಿ, ಜಿಲ್ಲೆಗೆ ಕಳಿಸಬೇಕು. ಅಡ್ಡಹೆಸರು ಹಾಕಬೇಡಿ, ಮನೆತನದ ಮಾತು ಬೀದಿಗೆ ಬರುತ್ತದೆ ಎಂದು ಬಹಳ ಮನೆಗಳು ಹೇಳಿದ್ದರಿಂದ ಬರೀ ಹೆಸರು, ಊರು, ತಾರೀಖು, ಎಷ್ಟು ಆಸ್ಪತ್ರೆ, ಇಷ್ಟೇ ಇಟ್ಟಿದ್ದೆ. ಕೊನೆಗೆ ನಲವತ್ತೊಂದು ಹೆಸರಾದವು. ಚನ್ನವ್ವ ಮೊದಲೇ ಎಚ್ಚರ ಹೇಳಿದ್ದರು.

"ಒಂದ ಸುಳ್ಳ ಸಿಕ್ರ ಸಾಕು, ಉಳಿದ ನಲವತ್ತ ಖರೇನೂ ಕಸದ ಬುಟ್ಟಿಗೆ ಹೋಗ್ತಾವು. ನಾ ಇಲಾಖೆದಾಗ ಇದ್ದಾಕಿ, ಹೆಂಗ ನಡೀತೈತಿ ನನಗ ಗೊತ್ತೈತಿ. ನೋಡ್ಕೊಂಡ ಮಾಡು, ಸುಜಯ."

ನಾನು ಪಟ್ಟಿಯನ್ನು ಐದು ಸಲ ಓದಿದೆ. ಅಂಗಡಿಯ ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡುವ ಮನುಷ್ಯ ನಾನು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ಕಾಗುಣಿತ ಸರಿಯಿತ್ತು. ತಾರೀಖು ಸರಿಯಿತ್ತು. ಪಟ್ಟಿ ಅರವತ್ತೆರಡು ಠರಾವುಗಳ ಜೊತೆ ಜಿಲ್ಲೆಗೆ ಹೋಯಿತು. ತವನಪ್ಪನವರು ಕಾಯದೆ, ಐದೂ ತಾಲೂಕಿನ ಗೋಡೆಗಳ ಮೇಲೆ 'ನಲವತ್ತೊಂದು ತಾಯಂದಿರು' ಎಂದು ಬಣ್ಣದಲ್ಲಿ ಬರೆಸಿಬಿಟ್ಟರು. ಸೆಪ್ಟೆಂಬರ್ ಕೊನೆಯ ಸೋಮವಾರ ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಚಿಕ್ಕೋಡಿಗೇ ಬಂದು ನಮ್ಮ ಮಾತು ಕೇಳುತ್ತಾರೆಂದು ಪತ್ರ ಬಂತು.

ಅದಕ್ಕೆ ನಾಲ್ಕು ದಿನ ಮೊದಲು ಬಂದದ್ದು ನಮ್ಮ ಕ್ಷಮಾವಣಿ. ಹತ್ತು ದಿನದ ಪರ್ವದ ಉಪವಾಸ, ಪೂಜೆಗಳೆಲ್ಲ ಮುಗಿದ ಮೇಲೆ ಜೈನರು ಅಂದು ಮನೆಮನೆಗೆ ಹೋಗಿ, ವರ್ಷದಲ್ಲಿ ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ನನ್ನ ತಾಯಿ ಜಿನಮತಿಗೆ ಈ ದಿನ ಬಲು ಇಷ್ಟ. ಊರಿನ ಮನೆಗಳನ್ನು ಬೆಳಿಗ್ಗೆಯೇ ಮುಗಿಸಿ, ಐನಾಪುರದಲ್ಲಿರುವ ತನ್ನ ಚಿಕ್ಕಮ್ಮನ ಮಗಳು ಪದ್ಮವ್ವನ ಮನೆಗೆ ಹೋಗೋಣ ಎಂದಳು. ಅಲ್ಲಿಗೆ ಹೋಗಿ ಆರು ವರ್ಷ ಆಗಿತ್ತು. ನನಗೂ ಹೋಗಬೇಕೆನಿಸಿತು, ನನ್ನ ಪಟ್ಟಿಯಲ್ಲಿ ಮೂವತ್ತಮೂರನೆಯ ಹೆಸರು ಆ ಮನೆಯ ಸೊಸೆಯದು. ಬ್ರಾಹ್ಮಿ, ಐನಾಪುರ, ಮೂರು ಆಸ್ಪತ್ರೆ. ಮದುವೆಗೆ ನಾವು ಹೋಗಿರಲಿಲ್ಲ, ಅವಳನ್ನು ನೋಡಿರಲಿಲ್ಲ. ಈಗ ಹೇಗಿದ್ದಾಳೋ ಕೇಳಬೇಕು ಎಂದುಕೊಂಡೆ.

ಕೃಷ್ಣಾ ಹೊಳೆ ತುಂಬಿ ಹರಿಯುತ್ತಿತ್ತು. ಸೇತುವೆಯ ಎರಡೂ ಕಡೆ ಕಬ್ಬು ಬಸ್ಸಿನ ಕಿಟಕಿಗಿಂತ ಎತ್ತರಕ್ಕೆ ನಿಂತಿತ್ತು. ಐನಾಪುರಕ್ಕೆ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಪದ್ಮವ್ವ ಬಾಗಿಲಲ್ಲೇ ಅಮ್ಮನ ಎರಡೂ ಕೈ ಹಿಡಿದುಕೊಂಡಳು. ಇಬ್ಬರೂ ಕ್ಷಮೆ ಕೇಳಿಕೊಂಡರು, ಆಮೇಲೆ ಆರು ವರ್ಷ ಯಾಕೆ ಬರಲಿಲ್ಲ ಎಂದು ಜಗಳಕ್ಕೆ ನಿಂತರು. ಸೊಸೆ ಹತ್ತು ತಿಂಗಳ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಗೆ ಬಂದಳು. ಗಟ್ಟಿಮುಟ್ಟಾದ ಹೆಣ್ಣು ಕೂಸು. ನನ್ನನ್ನು ನೋಡಿ ಅಳಲಿಲ್ಲ, ನನ್ನ ಚಸ್ಮಾಕ್ಕೆ ಕೈ ಹಾಕಿತು. ನನಗೆ ಬಹಳ ಸಂತೋಷವಾಯಿತು. ಪಟ್ಟಿಯಲ್ಲಿ ಸಂಖ್ಯೆಯಾಗಿದ್ದವರು ಹೀಗೆ ಎದುರಿಗೆ ಬಂದು ಚಸ್ಮಾ ಎಳೆಯುವುದು ಬೇರೆಯೇ ಸಂಗತಿ.

ಬ್ರಾಹ್ಮಿ ಸ್ಟೀಲ್ ತಂಬಿಗೆಯಲ್ಲಿ ನೀರು ತಂದಿಟ್ಟಳು. ನಮ್ಮ ಕಡೆ ಮದುವೆಯಲ್ಲಿ ತವರಿನವರು ಕೊಡುವ ಪಾತ್ರೆಗಳ ಮೇಲೆ ಹೆಸರು ಕೊರೆಸಿರುತ್ತಾರೆ, ಚುಕ್ಕೆ ಚುಕ್ಕೆಯಾಗಿ. ನೀರು ಕುಡಿಯುತ್ತ ನಾನು ಅದನ್ನೂ ಓದಿದೆ. 'ಕು. ಕೋಮಲ, ಏಕಸಂಬಿ.'

ತಂಬಿಗೆ ಕೆಳಗಿಟ್ಟು ಮತ್ತೊಮ್ಮೆ ಓದಿದೆ. ಕೋಮಲ, ಏಕಸಂಬಿ, ಮೂರು ಆಸ್ಪತ್ರೆ. ಅದು ನನ್ನ ಪಟ್ಟಿಯ ಹದಿನೇಳನೆಯ ಹೆಸರು.

ಈ ತಂಬಿಗೆ ಯಾರದು ಎಂದು ಕೇಳಿದೆ. ನನ್ನದೇ ಎಂದಳು ಬ್ರಾಹ್ಮಿ. ಮದುವೆಯಾದ ಮೇಲೆ ಅತ್ತೆ ಹೊಸ ಹೆಸರಿಟ್ಟರು. ತವರಿನಲ್ಲಿ ಈಗಲೂ ಕೋಮಲ ಎಂದೇ ಕರೆಯುತ್ತಾರೆ ಎಂದಳು. ಅವಳು ಅದನ್ನು ಹೇಳಿದ್ದು ಬಹಳ ಸಹಜವಾಗಿ. ನಮ್ಮ ಭಾಗದಲ್ಲಿ ಯಾವ ಸೊಸೆಯಾದರೂ ಹಾಗೇ ಹೇಳುತ್ತಾಳೆ. ನನ್ನ ಅಮ್ಮನೂ ಮದುವೆಗೆ ಮೊದಲು ಜಿನಮತಿ ಆಗಿರಲಿಲ್ಲ. ಹುಟ್ಟಿದಾಗಿನಿಂದ ಕಂಡ ಪದ್ಧತಿ, ಆದರೂ ಪಟ್ಟಿ ಮಾಡುವಾಗ ನನಗೆ ನೆನಪಾಗಲಿಲ್ಲ.

ಹೇಗಾಯಿತು ಎಂಬುದು ಅಲ್ಲಿ ಕುಳಿತಲ್ಲಿಯೇ ಹೊಳೆಯಿತು. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಹೋಗಿದ್ದಳು. ಏಕಸಂಬಿಯ ಕಾರ್ಯಕರ್ತೆ ಕೇಳಿದಾಗ ಅವಳ ಅಪ್ಪ ಧರಣೇಂದ್ರ ನಮ್ಮ ಮಗಳು ಕೋಮಲ ಎಂದು ಹೇಳಿದ್ದಾನೆ, ಅವಳನ್ನು ಕರೆದುಕೊಂಡು ಹೊರಟ ದಿನದ ತಾರೀಖು ಕೊಟ್ಟಿದ್ದಾನೆ. ಐನಾಪುರದಲ್ಲಿ ಪದ್ಮವ್ವ ನಮ್ಮ ಸೊಸೆ ಬ್ರಾಹ್ಮಿ ಎಂದಿದ್ದಾಳೆ, ಕೂಸು ಹುಟ್ಟಿದ ದಿನದ ತಾರೀಖು ಕೊಟ್ಟಿದ್ದಾಳೆ. ಮರುದಿನದ್ದು. ಇಬ್ಬರೂ ಹೇಳಿದ್ದು ಖರೆ. ಸುಳ್ಳಾಗಿದ್ದು ನನ್ನ ಪಟ್ಟಿ.

ಪದ್ಮವ್ವ ಊಟಕ್ಕೆ ಎಬ್ಬಿಸಿದಳು. ಬಡಿಸಿದ್ದನ್ನೆಲ್ಲ ಉಂಡೆ, ಏನು ಉಂಡೆ ಎಂಬುದು ನೆನಪಿಲ್ಲ. ಹೊರಡುವಾಗ ಬ್ರಾಹ್ಮಿಗೂ ಕೈ ಮುಗಿದು, ತಪ್ಪಾಗಿದ್ದರೆ ಕ್ಷಮಿಸು ತಂಗಿ ಎಂದೆ. ಅವಳು ನಕ್ಕು ಅದೇ ಮಾತನ್ನು ನನಗೆ ಹೇಳಿದಳು. ಯಾವ ತಪ್ಪು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಹೊತ್ತು ಮುಳುಗಿದ ಮೇಲೆ ಅಮ್ಮ ಏನೂ ತಿನ್ನುವುದಿಲ್ಲ. ಹಾಗಾಗಿ ಬೇಗ ಬಸ್ಸು ಹಿಡಿದೆವು. ಸೇತುವೆ ದಾಟಿದ ಮೇಲೆ ಅಮ್ಮ, ಏನಾಯಿತು ಎಂದು ಕೇಳಿದಳು. ಹೇಳಿದೆ. ನಲವತ್ತೊಂದು ಎಂದು ಗೋಡೆಗಳ ಮೇಲೆ ಬರೆದಿರುವುದನ್ನೂ, ಪಟ್ಟಿ ಜಿಲ್ಲೆಗೆ ಹೋಗಿರುವುದನ್ನೂ, ಚನ್ನವ್ವನ ಎಚ್ಚರವನ್ನೂ ಹೇಳಿದೆ. ಇದು ಹೊರಬಿದ್ದರೆ ಅರವತ್ತೆರಡು ಊರಿನ ಮಾತು ನನ್ನ ಒಂದು ತಪ್ಪಿಗಾಗಿ ಬಿದ್ದುಹೋಗುತ್ತದೆ. ಹೊರಬೀಳದಿದ್ದರೆ ನಾನು ಗೊತ್ತಿದ್ದೂ ಸುಳ್ಳು ಪಟ್ಟಿ ಓದಿದಂತಾಗುತ್ತದೆ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮುಂಜಾನಿಂದ ಹದಿನೈದ ಮನಿಗೆ ಹೋಗಿ ಕ್ಷಮಾ ಕೇಳಿದಿ. ಯಾತಕ್ಕಂತ ಒಬ್ಬರಿಗರೆ ಹೇಳಿದೇನು?"

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು. ಚಿಕ್ಕೋಡಿಯಲ್ಲಿ ಇಳಿದ ಕೂಡಲೇ, ಅಮ್ಮನನ್ನು ಮನೆಯ ಕಡೆ ಆಟೋದಲ್ಲಿ ಕೂರಿಸಿ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಚನ್ನವ್ವನಿಗೆ ಫೋನ್ ಹಚ್ಚಿದೆ.

ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಹೀಗೆ ಎರಡು ಸಲ ಬಂದವಳು ಇವಳೊಬ್ಬಳೇ ಎಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದರು. ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನಾಳೆ ಬೆಳಿಗ್ಗೆ ನಿನ್ನ ಅಂಗಡಿಗೆ ಬರುತ್ತೇನೆ, ಎಲ್ಲ ಮನೆಗಳಿಗೂ ಫೋನ್ ಹಚ್ಚೋಣ, ತವನಪ್ಪನಿಗೂ ಬರಹೇಳು ಎಂದರು.

ಶುಕ್ರವಾರ ಬೆಳಿಗ್ಗೆ ಮೂವರೂ ಅಂಗಡಿಯಲ್ಲಿ ಸೇರಿದೆವು. ತವನಪ್ಪನವರಿಗೆ ಇದು ಬೇಡವಾಗಿತ್ತು. ಸೋಮವಾರ ಮುಗಿಯಲಿ, ಆಮೇಲೆ ಸದ್ದಿಲ್ಲದೆ ತಿದ್ದಿದರಾಯಿತು ಎಂಬುದು ಅವರ ವಾದ. ಒಬ್ಬಳು ಕಡಿಮೆಯಾದರೆ ಕಷ್ಟವೇನು ಕಡಿಮೆಯಾಗುತ್ತದೆಯೇ ಎಂದು ಕೇಳಿದರು. ಅದು ಸುಳ್ಳಲ್ಲ ಎಂದು ನನಗೂ ಅನಿಸಿತು. ನನ್ನ ಕಷ್ಟವೇ ಅದು: ಎದುರಿನವರು ಗಟ್ಟಿಯಾಗಿ ಹೇಳಿದರೆ ನನಗೆ ಅವರದೇ ಸರಿ ಎನಿಸುತ್ತದೆ.

"ಐವತ್ತ ಗೋಡಿಗೆ ಬಣ್ಣಾ ಹೊಡಿಸೀನಿ, ಸಿಸ್ಟರ್. ಈಗ ಒಂದನ್ನೂ ಅಳಸಾಕ ಬರೂದಿಲ್ಲ, ಎಣ್ಣಿ ಬಣ್ಣ ಐತಿ."

"ಹಂಗಾರ ನಿಮ್ಮ ಮೀಸಿಗೂ ಅದ ಬಣ್ಣಾ ಹಚ್ಚೀರೇನ್ರಿ?" ಎಂದರು ಚನ್ನವ್ವ. "ಅದಕ್ಕ ಅದೂ ಬಾಗವಲ್ದು."

ತವನಪ್ಪನವರು ನಗಬಾರದೆಂದು ನೋಡಿದರು, ಆಗಲಿಲ್ಲ. ನಕ್ಕ ಮೇಲೆ ಅವರೇ ಪಟ್ಟಿಯ ಮೂರನೆಯ ಒಂದು ಭಾಗ ತೆಗೆದುಕೊಂಡು ಮೂಲೆಗೆ ಹೋಗಿ ಫೋನ್ ಹಚ್ಚತೊಡಗಿದರು. ಅವರ ದನಿಗೆ ಫೋನು ಬೇಕಾಗಿರಲಿಲ್ಲ, ರಸ್ತೆಯಾಚೆಯ ಚಹದ ಅಂಗಡಿಯವರೂ ಕಿವಿಗೊಟ್ಟರು. ಪ್ರತಿ ಮನೆಗೂ ಒಂದೇ ಪ್ರಶ್ನೆ. ತವರು ಯಾವುದು, ತವರಿನಲ್ಲಿ ಹೆಸರೇನು, ಗಂಡನ ಮನೆಯಲ್ಲಿ ಏನು.

ಶನಿವಾರ ಸಂಜೆಗೆ ಮುಗಿಯಿತು. ಹೀಗೆ ಎರಡಾದವರು ಇನ್ನಿಬ್ಬರು ಸಿಕ್ಕರು: ನಿಪ್ಪಾಣಿ ಕಡೆಯವಳೊಬ್ಬಳು, ಅಥಣಿ ಕಡೆಯವಳೊಬ್ಬಳು. ನಲವತ್ತೊಂದು ಮೂವತ್ತೆಂಟಾಯಿತು. ಫೋನ್ ಮಾಡುವಾಗಲೇ, ನಮ್ಮ ಓಣಿಯಲ್ಲೂ ಒಬ್ಬಳಿಗೆ ಹೀಗಾಗಿದೆ ಎಂದು ಎರಡು ಹೊಸ ಹೆಸರು ಬಂದವು. ಅವನ್ನು ಸೇರಿಸಿ ನಲವತ್ತು ಮಾಡೋಣ, ಗೋಡೆಗೆ ಹತ್ತಿರ ಹೋಗುತ್ತದೆ ಎಂದರು ತವನಪ್ಪ. ಮನೆಗೆ ಹೋಗಿ ಕೇಳದ ಹೆಸರು ಬೇಡ ಎಂದರು ಚನ್ನವ್ವ. ನಾನು ಬ್ರಾಹ್ಮಿಗೂ ಫೋನ್ ಮಾಡಿ, ಹದಿನೇಳರಲ್ಲೊಮ್ಮೆ, ಮೂವತ್ತಮೂರರಲ್ಲೊಮ್ಮೆ ನಿನ್ನನ್ನು ಎರಡು ಸಲ ಎಣಿಸಿದೆ, ತಪ್ಪಾಯಿತು ಎಂದು ಈ ಸಲ ಬಿಡಿಸಿ ಹೇಳಿದೆ. ಅವಳು ಬಹಳ ಹೊತ್ತು ನಕ್ಕಳು. ಆಮೇಲೆ ಸಭೆ ಎಷ್ಟು ಗಂಟೆಗೆ ಎಂದು ಕೇಳಿದಳು, ಅಷ್ಟೇ.

ಸೋಮವಾರ ಸಭೆ ಮದುವೆಗಳು ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿತ್ತು. ನೂರೈವತ್ತು ಕುರ್ಚಿ ಸಾಕೆಂದು ಹಾಕಿಸಿದ್ದೆವು. ಆದರೆ ಎರಡು ದಿನ ನಾವು ಮನೆಮನೆಗೆ ಫೋನ್ ಮಾಡಿದ್ದು ಬೇರೆಯೇ ಕೆಲಸ ಮಾಡಿತ್ತು. ತಮ್ಮ ಮನೆಯ ಹೆಣ್ಣುಮಗಳ ಹೆಸರನ್ನು ಯಾರೋ ಇಷ್ಟು ಕಾಳಜಿಯಿಂದ ಕೇಳಿದರೆಂದು ಆ ಮನೆಗಳೇ ಎದ್ದು ಬಂದಿದ್ದವು. ಅತ್ತೆಯರು, ಅಪ್ಪಂದಿರು, ಕೂಸುಗಳು. ಅಥಣಿಯ ಹಾಲಿನ ಸಂಘದ ಹೆಂಗಸರು ಎರಡು ಗಾಡಿ ತುಂಬ ಬಂದರು. ಕುರ್ಚಿ ತೆಗೆದು ಜಮಖಾನೆ ಹಾಸಬೇಕಾಯಿತು. ಬಂದ ಅಧಿಕಾರಿ ಸ್ವತಃ ಡಾಕ್ಟರು, ಐವತ್ತರ ಆಸುಪಾಸಿನ ಹೆಣ್ಣುಮಗಳು, ಕಡಿಮೆ ಮಾತು. ನಮ್ಮ ಪಟ್ಟಿ ಅವರ ಮುಂದಿತ್ತು. ಅಂಚಿನಲ್ಲಿ ಪೆನ್ಸಿಲಿನ ಗುರುತುಗಳು ಕಂಡವು. ಅವರು ಪಟ್ಟಿಯನ್ನು ನಿಜವಾಗಿ ಓದಿದ್ದರು.

ಮೊದಲು ಮಾತಾಡಬೇಕಾದವನು ನಾನೇ. ಮೈಕು ಹಿಡಿದೆ. ಬರೆದುಕೊಂಡದ್ದನ್ನು ಓದಲಿಲ್ಲ. ಪಟ್ಟಿಯಲ್ಲಿ ತಪ್ಪಿದೆ, ನಲವತ್ತೊಂದಲ್ಲ, ಮೂವತ್ತೆಂಟು. ತಪ್ಪು ಊರಿನವರದಲ್ಲ, ಜೋಡಿಸಿದ ನನ್ನದು ಎಂದೆ. ತವರಿನ ಹೆಸರು, ಗಂಡನ ಮನೆಯ ಹೆಸರು ಬೇರೆಯಾಗಿದ್ದರಿಂದ ಮೂವರನ್ನು ಎರಡೆರಡು ಸಲ ಎಣಿಸಿದ್ದೇನೆ, ಕ್ಷಮಿಸಬೇಕು ಎಂದೆ. ಹಿಂದೆ ಯಾರೋ ಗುಸುಗುಸು ಮಾತಾಡಿದರು. ಅಧಿಕಾರಿ ಪಟ್ಟಿಯ ಮೇಲೆ ಪೆನ್ಸಿಲು ಇಟ್ಟು, ಉಳಿದದ್ದು ಸರಿಯಿದೆ ಎಂದು ನಾನು ಹೇಗೆ ನಂಬಲಿ ಎಂದು ಕೇಳಿದರು. ಸಿಟ್ಟಿರಲಿಲ್ಲ, ಕೇಳಬೇಕಾದ ಪ್ರಶ್ನೆಯೇ. ಚನ್ನವ್ವ ಏಳಲು ನೋಡುತ್ತಿದ್ದರು. ಅಷ್ಟರಲ್ಲಿ ಹೆಂಗಸರ ನಡುವಿನಿಂದ ಬ್ರಾಹ್ಮಿ ಎದ್ದು ನಿಂತಳು. ಕೂಸನ್ನು ಪದ್ಮವ್ವನ ತೊಡೆಯ ಮೇಲೆ ಬಿಟ್ಟು, ಪ್ಲಾಸ್ಟಿಕ್ ಚೀಲ ಹಿಡಿದು ಮುಂದೆ ಬಂದಳು.

"ಆ ಇಬ್ರೂ ನಾನ ರಿ, ಮೇಡಂ. ಹದಿನೇಳೂ ನಾನ, ಮೂವತ್ತಮೂರೂ ನಾನ. ಅಣ್ಣಾ ಒಬ್ಬಾಂವನ ಅಲ್ಲ ತಪ್ಪ ಮಾಡಿದ್ದು. ದವಾಖಾನ್ಯಾಗೂ ನಾ ಇಬ್ರ ಆಗಿದ್ನಿ."

ಅವಳು ಚೀಲದಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಆಧಾರ್ ಕಾರ್ಡಿನಲ್ಲಿ ಕೋಮಲ. ಬಸುರಿಯಾದಾಗ ಐನಾಪುರದಲ್ಲಿ ಮಾಡಿಸಿದ ತಾಯಿ ಕಾರ್ಡಿನಲ್ಲಿ ಬ್ರಾಹ್ಮಿ. ಮೊದಲ ಆಸ್ಪತ್ರೆಯಲ್ಲಿ ಅಪ್ಪ ಹೇಳಿದಂತೆ ಕೋಮಲ ಎಂದು ಬರೆದುಕೊಂಡು ರಕ್ತ ಪರೀಕ್ಷೆ ಮಾಡಿದರು, ಚೀಟಿ ಬರೆದು ಮುಂದೆ ಕಳಿಸಿದರು. ಎರಡನೆಯದರಲ್ಲಿ ಡಾಕ್ಟರ್ ಇರಲಿಲ್ಲ. ಮೂರನೆಯದರಲ್ಲಿ ತಾಯಿ ಕಾರ್ಡು ನೋಡಿ, ಈ ರಕ್ತದ ರಿಪೋರ್ಟು ಬೇರೆ ಯಾರದೋ ಇದೆ ಎಂದು ಬದಿಗಿಟ್ಟು ಎಲ್ಲ ಪರೀಕ್ಷೆ ಮೊದಲಿಂದ ಶುರು ಮಾಡಿದರು. ಅದಕ್ಕೆ ಹಿಡಿದದ್ದು ಒಂದು ತಾಸು ನಲವತ್ತು ನಿಮಿಷ. ಅಲ್ಲಿ ದಾಖಲಾದ ಹೊತ್ತು, ಹೊಸ ರಿಪೋರ್ಟಿನ ಹೊತ್ತು ಎರಡೂ ಕಾಗದದ ಮೇಲೆ ಅಚ್ಚಾಗಿತ್ತು.

"ನನ್ನ ಗಂಡ ಸಂದೇಶ ಅಲ್ಲೇ ನಿಂತ ಹೇಳ್ತಿದ್ದ, ಅಕಿನ ಇಕಿ, ಇಕಿನ ಅಕಿ ಅಂತ. ಕುಡದ ಬಂದಾನ ಅಂತ ಹೊರಗ ಕುಂಡ್ರಿಸಿದ್ರು. ಅವ ಜಲ್ಮದಾಗ ಬೆಲ್ಲದ ಪಾನಕ ಬಿಟ್ಟ ಏನೂ ಕುಡದಾಂವಲ್ಲ."

ಮೊದಲು ನಕ್ಕವಳು ಪದ್ಮವ್ವ. ಆಮೇಲೆ ಇಡೀ ಕಾರ್ಯಾಲಯ. ಅಧಿಕಾರಿಯೂ ತಲೆ ತಗ್ಗಿಸಿ ನಕ್ಕರು. ಆದರೆ ಕಾಗದಗಳನ್ನು ಬಿಡಲಿಲ್ಲ. ಎರಡೂ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಇಂಥದ್ದು ಇನ್ನಾರಿಗಾದರೂ ಆಗಿದೆಯೇ ಎಂದು ಕೇಳಿದರು. ನಿಪ್ಪಾಣಿ ಕಡೆಯವಳು ಕೈ ಎತ್ತಿದಳು. ಅಥಣಿಯವಳು ಎತ್ತಿದಳು. ನನ್ನ ಪಟ್ಟಿಯಲ್ಲಿ ಒಂದೇ ಸಲ ಇದ್ದವರೂ, ಪಟ್ಟಿಯಲ್ಲೇ ಇಲ್ಲದವರೂ ಎತ್ತಿದರು. ಹನ್ನೊಂದು ಕೈ. ಮೂವತ್ತೊಂದು ವರ್ಷ ನರ್ಸಾಗಿದ್ದ ಚನ್ನವ್ವ ಆ ಕೈಗಳನ್ನು ಎಣಿಸಿ ಗೋಡೆಗೆ ಒರಗಿ ಕುಳಿತರು. ಆಮೇಲೆ ನನಗೆ ಹೇಳಿದರು, ಇಷ್ಟು ವರ್ಷ ಇಂಥ ಹೆಣ್ಣುಮಕ್ಕಳನ್ನು ಎರಡೂ ಹೆಸರು ಹಿಡಿದು ತಾವೇ ಕರೆದಿದ್ದರಂತೆ. ಕಾಗದದ ಮೇಲೆ ಅವರು ಇಬ್ಬರಾಗುತ್ತಾರೆಂದು ಒಮ್ಮೆಯೂ ಹೊಳೆದಿರಲಿಲ್ಲವಂತೆ.

ಅಧಿಕಾರಿ ಆ ದಿನ ಏನೂ ಮಾತು ಕೊಡಲಿಲ್ಲ. ಪಟ್ಟಿಯ ಮೇಲಿದ್ದ ನಲವತ್ತೊಂದನ್ನು ಹೊಡೆದು ಮೂವತ್ತೆಂಟು ಎಂದು ಬರೆದು, ಪಕ್ಕದಲ್ಲಿ ನನ್ನ ಸಹಿ ಹಾಕಿಸಿಕೊಂಡರು. ನಾನು ಸಹಿ ಹಾಕುವಾಗ ಅವರು, ಸಾಮಾನ್ಯವಾಗಿ ನನ್ನ ಮುಂದೆ ಬರುವ ಲೆಕ್ಕಗಳು ದಿನದಿಂದ ದಿನಕ್ಕೆ ಬೆಳೆಯುತ್ತವೆ, ಇಳಿದದ್ದನ್ನು ಇದೇ ಮೊದಲು ನೋಡಿದೆ ಎಂದರು. ಹೊಗಳಿದರೋ ಬೈದರೋ ನನಗೆ ಖಾತ್ರಿಯಿಲ್ಲ. ಹೊಗಳಿದ್ದೆಂದು ಅಮ್ಮ ಹೇಳುತ್ತಾಳೆ.

ಐದು ವಾರದ ಮೇಲೆ ಆದೇಶ ಬಂತು. ಐದೂ ತಾಲೂಕಿನ ಸರಕಾರಿ ಆಸ್ಪತ್ರೆಗಳಲ್ಲಿ ಆರು ತಿಂಗಳ ಪ್ರಯೋಗ. ಕಳಿಸುವ ಮೊದಲು ಫೋನ್ ಮಾಡಬೇಕು, ಮಾತಾಡಿದವರ ಹೆಸರು, ಹೊತ್ತು ಬರೆಯಬೇಕು. ಜೊತೆಗೆ ನಾವು ಕೇಳದೇ ಇದ್ದ ಒಂದು ಸಾಲು: ತಾಯಿ ಕಾರ್ಡಿನ ನಂಬರನ್ನು ಎಲ್ಲ ಕಾಗದದ ಮೇಲೂ ಹಾಕಬೇಕು, ತವರಿನ ಹೆಸರು ಮತ್ತು ಗಂಡನ ಮನೆಯ ಹೆಸರು ಎರಡನ್ನೂ ಕೇಳಿ ಬರೆದುಕೊಳ್ಳಬೇಕು. ರಾತ್ರಿ ಪಾಳಿಗೆ ಡಾಕ್ಟರುಗಳು ಸಾಲುವುದಿಲ್ಲ ಎಂಬುದು ಹಾಗೆಯೇ ಉಳಿದಿದೆ. ಚನ್ನವ್ವ ಈಗ ಅದರ ಹಿಂದೆ ಬಿದ್ದಿದ್ದಾರೆ. ಬಾಗಲಕೋಟೆ ಕಡೆಯಿಂದಲೂ ಯಾರೋ ಬಂದು ನಮ್ಮ ಠರಾವಿನ ನಕಲು ಒಯ್ದರು. ತವನಪ್ಪನವರು ಗೋಡೆಗಳ ಮೇಲಿನ 'ನಲವತ್ತೊಂದು' ಅಳಿಸಲಿಲ್ಲ. ಅದರ ಮೇಲೆ ಒಂದು ಅಡ್ಡಗೆರೆ ಎಳೆಸಿ ಪಕ್ಕದಲ್ಲಿ 'ಮೂವತ್ತೆಂಟು' ಬರೆಸಿದರು. ಜನ ಈಗ ನಿಂತು ಓದುತ್ತಾರೆ, ಮೊದಲು ಯಾರೂ ನಿಲ್ಲುತ್ತಿರಲಿಲ್ಲ ಎಂದು ಅವರೇ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಾರೆ.

ಮೊನ್ನೆ ಬೆಳಿಗ್ಗೆ ಅಂಗಡಿಗೆ ರಾಯಬಾಗ ಕಡೆಯ ರೈತನೊಬ್ಬ ಬಂದ. ಕಬ್ಬಿನ ಒಣ ಗರಿಯ ರವದಿ ಅಂಗಿಗೆ ಅಂಟಿಕೊಂಡಿತ್ತು. ಮಗಳಿಗೆ ಗಂಡು ಹುಟ್ಟಿದೆ, ಇಬ್ಬರೂ ಆರಾಮ, ಕಾಗದಗಳ ಪ್ರತಿ ಬೇಕು ಎಂದ. ಚೀಲದಲ್ಲಿ ಒಂದು ಹೊಸ ಚೀಟಿಯಿತ್ತು, ಒಂದೇ ಒಂದು. ಗಾಜಿನ ಮೇಲಿಟ್ಟು ಅಭ್ಯಾಸದಂತೆ ಓದಿದೆ. ತವರಿನ ಹೆಸರು ಒಂದು, ಗಂಡನ ಮನೆಯ ಹೆಸರು ಒಂದು. ಕೆಳಗೆ ಯಾರೋ ಅವಸರದ ಅಕ್ಷರದಲ್ಲಿ ಬರೆದಿದ್ದರು: 'ಫೋನ್ ಮಾಡಿದ್ದು 5.20ಕ್ಕೆ. ಸಿಸ್ಟರ್ ಜನಾಬಾಯಿ ಮಾತಾಡಿದರು. ಡಾಕ್ಟರ್ ಇದ್ದಾರೆ. ರಕ್ತ ಇದೆ. ಕಳುಹಿಸಿ.'

ನಾನು ಅದನ್ನು ಎರಡನೆಯ ಸಲ ಓದಿದೆ. ಮೂರನೆಯ ಸಲವೂ ಓದಿದೆ. ಗುಂಡಿ ಒತ್ತುವುದು ಮರೆತುಹೋಗಿತ್ತು. ಆಮೇಲೆ ಒತ್ತಿ ಪ್ರತಿ ತೆಗೆದುಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಮಸಕ ಬಂದೈತಲ್ರಿ. ಇನ್ನೊಂದ ತಗೀರಿ, ಛಲೋ ಕಾಣೂ ಹಂಗ."

ಶಾಯಿ ಹೆಚ್ಚಿಗೆ ಮಾಡಿ ಎರಡು ತೆಗೆದೆ. ಒಂದನ್ನು ಅವನಿಗೆ ಕೊಟ್ಟೆ. ಇನ್ನೊಂದನ್ನು ನಾನು ಇಟ್ಟುಕೊಳ್ಳಲೇ ಎಂದು ಕೇಳಿದೆ. ಯಾಕೆಂದು ಅವನು ಕೇಳಲಿಲ್ಲ, ಇಟ್ಟುಕೊಳ್ಳಿರಿ ಎಂದ. ಹೆಸರುಗಳ ಜಾಗಕ್ಕೆ ಬಿಳಿ ಕಾಗದದ ಪಟ್ಟಿ ಅಂಟಿಸಿ ಅದನ್ನು ಕಂಪ್ಯೂಟರಿನ ಹಿಂದಿನ ಗೋಡೆಗೆ ಹಚ್ಚಿದ್ದೇನೆ. ಸಂಜೆ ಬೀಗ ಹಾಕಿದ ಮೇಲೆ ಅಭ್ಯಾಸದಂತೆ ಎಳೆದು ನೋಡಿದೆ, ಆದರೆ ಒಂದೇ ಸಲ. ಮನೆಗೆ ಹೋದೆ.